ಪೆಟ್ಟಿನ ನಂತರ ಮಿಡಿಯುವ ಗಂಟು: ತಲೆ, ಮುಖ, ಕುತ್ತಿಗೆಯ ಹುಸಿ ಅನ್ಯೂರಿಸಂಗೆ ಯಾವ ಪರೀಕ್ಷೆ, ಯಾವ ಚಿಕಿತ್ಸೆ, ಯಾವ ಊರು

ತೊಗರಿ ರಾಶಿಯ ದಿನಗಳಲ್ಲಿ ಟ್ರ್ಯಾಕ್ಟರಿನಿಂದ ಬಿದ್ದೋ, ಶಹಾಬಾದ ಕಡೆಯ ಫರಸಿ ಗಣಿಯಲ್ಲಿ ಸಿಡಿದ ಕಲ್ಲಿನ ಚೂರು ಬಡಿದೋ, ಎಮ್ಮೆ ಕೊಂಬು ಬೀಸಿಯೋ ಕಣ್ಣಿಗೂ ಕಿವಿಗೂ ನಡುವಿನ ಕಣತಲೆಗೆ ಪೆಟ್ಟಾಗುತ್ತದೆ. ಹೆಚ್ಚಿನ ಸಲ ಚರ್ಮವೂ ಒಡೆದಿರುವುದಿಲ್ಲ. ಬುಗುಟೆ ಎದ್ದು ನಾಲ್ಕು ದಿನದಲ್ಲಿ ಇಳಿಯುತ್ತದೆ, ಮನೆಯವರು ಮರೆಯುತ್ತಾರೆ. ಎರಡರಿಂದ ಆರು ವಾರಗಳ ನಡುವೆ ಯಾವಾಗಲೋ ಒಂದು ದಿನ ರುಮಾಲು ಸುತ್ತುವಾಗ ಅಥವಾ ಹೆಲ್ಮೆಟ್ ತೊಡುವಾಗ ಅದೇ ಜಾಗದಲ್ಲಿ ಗೋಲಿಯಷ್ಟು ಗಂಟೊಂದು ಕೈಗೆ ಸಿಗುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ. ಆದರೆ ಅದರ ಮೇಲೆ ಬೆರಳಿಟ್ಟು ಸುಮ್ಮನೆ ಕುಳಿತರೆ, ಮಣಿಕಟ್ಟಿನ ನಾಡಿ ಹೇಗೆ ಬಡಿಯುತ್ತದೆಯೋ ಹಾಗೆ ಅದು ಬಡಿಯುತ್ತದೆ.

ಈ ಬಡಿತವನ್ನು ಗಮನಿಸಿದವರಿಗೆ ಮುಂದಿನ ದಾರಿ ಸುಲಭ, ಗಮನಿಸದವರಿಗೆ ಅಪಾಯದ್ದು. ಏಕೆಂದರೆ ನೋಡುವುದಕ್ಕೆ ಇದು ಕೊಬ್ಬಿನ ಗಂಟಿನಂತೆ, ಕೀವು ತುಂಬಿದ ಬಾವಿನಂತೆ ಅಥವಾ ಹೆಪ್ಪುಗಟ್ಟಿದ ಹಳೆಯ ರಕ್ತದಂತೆಯೇ ಇರುತ್ತದೆ. ಕೀವೆಂದು ತಿಳಿದು ಬ್ಲೇಡು ತಾಗಿಸಿದರೆ ಹೊರಬರುವುದು ಚಿಮ್ಮುವ ಕೆಂಪು ರಕ್ತ. ಕಲಬುರಗಿಯ ಸ್ಕ್ಯಾನ್ ಕೋಣೆಯೊಂದರಲ್ಲಿ ಕುಳಿತು ನಾಳದೊಳಗಿನ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡುವ ನನ್ನ ಬಳಿಗೆ ಇಂಥವರು ಬರುವುದು ಅಪರೂಪ. ಬಂದವರಲ್ಲಿ ಹೆಚ್ಚಿನವರು ಅದಕ್ಕೂ ಮೊದಲು ಉಪ್ಪಿನ ಶಾಖ, ಎಣ್ಣೆಯ ತಿಕ್ಕಾಟ, ಎರಡು ಸುತ್ತು ಆಂಟಿಬಯೋಟಿಕ್ ಗುಳಿಗೆ ಎಲ್ಲವನ್ನೂ ದಾಟಿ ಬಂದಿರುತ್ತಾರೆ. "ಏನೂ ಇಲ್ರೀ ಸಾಹೇಬ್ರ, ಸಣ್ಣ ಗಂಟ ಅದ, ಅಲ್ಲೇ ಕೊಯ್ದು ಹಾಕ್ತೀನಿ ಅಂದ್ರು" ಎಂದು ಒಬ್ಬ ಕಾಕಾ ಹೇಳಿದ್ದು ನೆನಪಿದೆ. ಕೊಯ್ಯಲು ಹೊರಟಿದ್ದವರಿಗೆ ಕೊನೆಯ ಗಳಿಗೆಯಲ್ಲಿ ಸಂಶಯ ಬಂದು ಸ್ಕ್ಯಾನಿಗೆ ಕಳಿಸಿದ್ದು ಕಾಕಾನ ಪುಣ್ಯ.

ಗಂಟಿನೊಳಗೆ ನಡೆದಿರುವುದು ಇಷ್ಟು. ಅಪಧಮನಿಯ ಗೋಡೆಗೆ ಮೂರು ಪದರಗಳಿವೆ. ಮೂರೂ ಪದರಗಳು ಸಡಿಲಗೊಂಡು ಬಲೂನಿನಂತೆ ಉಬ್ಬಿದರೆ ಅದು ನಿಜವಾದ ಅನ್ಯೂರಿಸಂ. ವಯಸ್ಸು, ರಕ್ತದೊತ್ತಡ, ಹುಟ್ಟಿನಿಂದ ಬಂದ ದೌರ್ಬಲ್ಯಗಳಿಂದ ಆಗುವಂಥದ್ದು. ಪೆಟ್ಟಿನಿಂದಾಗುವುದು ಬೇರೆ. ಗೋಡೆ ಹರಿದು ರಕ್ತ ಹೊರಗೆ ಸೋರುತ್ತದೆ, ಸುತ್ತಲಿನ ಮಾಂಸವೂ ಹೆಪ್ಪುಗಟ್ಟಿದ ರಕ್ತವೂ ಅದನ್ನು ತಡೆದು ನಿಲ್ಲಿಸುತ್ತವೆ, ಹೆಪ್ಪಿನ ನಡುಭಾಗ ಕರಗಿದಾಗ ಅಲ್ಲೊಂದು ಪೊಳ್ಳು ಉಂಟಾಗಿ ಪ್ರತಿ ಬಡಿತಕ್ಕೂ ನಾಳದಿಂದ ರಕ್ತ ಅದರೊಳಗೆ ನುಗ್ಗಿ ಹಿಂದಿರುಗತೊಡಗುತ್ತದೆ. ಆ ಪೊಳ್ಳಿಗೆ ನಾಳದ ಗೋಡೆಯೇ ಇಲ್ಲ. ಇರುವುದು ನಾರಿನ ತೆಳು ಪೊರೆ ಮಾತ್ರ. ಆದ್ದರಿಂದಲೇ ಇದನ್ನು ಹುಸಿ ಅನ್ಯೂರಿಸಂ ಎನ್ನುತ್ತಾರೆ. ಹುಸಿ ಎಂದಮಾತ್ರಕ್ಕೆ ಅಪಾಯ ಕಡಿಮೆ ಎಂದು ತಿಳಿಯಬಾರದು, ಗೋಡೆಯಿಲ್ಲದ ಚೀಲ ಗೋಡೆಯಿರುವ ಚೀಲಕ್ಕಿಂತ ಬೇಗ ಒಡೆಯಬಹುದು. ಪೆಟ್ಟಿಗೂ ಗಂಟಿಗೂ ನಡುವೆ ವಾರಗಳ ಅಂತರ ಏಕೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ: ಹೆಪ್ಪು ಕರಗಿ ಪೊಳ್ಳಾಗುವುದಕ್ಕೆ ಅಷ್ಟು ಕಾಲ ಬೇಕು.

ಪರೀಕ್ಷೆ ಯಾವುದು, ಕೊಯ್ಯುವುದೋ ನಾಳದೊಳಗಿನಿಂದ ತಂತಿ ಹಾಕಿ ಮುಚ್ಚುವುದೋ, ಕಲಬುರಗಿಯೋ ಹೈದರಾಬಾದೋ ಎಂಬ ಮೂರು ಆಯ್ಕೆಗಳು ರೋಗಿಯ ಮನೆಯವರ ಮುಂದೆ ಒಮ್ಮೆಗೇ ಬಂದು ನಿಲ್ಲುತ್ತವೆ. ಈ ಮೂರನ್ನೂ ನಿರ್ಧರಿಸಬೇಕಾದದ್ದು ಯಾವ ನಾಳಕ್ಕೆ ಪೆಟ್ಟಾಗಿದೆ ಮತ್ತು ಆ ನಾಳ ಏನನ್ನು ಸಾಕುತ್ತಿದೆ ಎಂಬುದು. ಯಂತ್ರ ಎಷ್ಟು ಹೊಸದು, ಬಿಲ್ಲು ಎಷ್ಟು ದೊಡ್ಡದು ಎಂಬುದಲ್ಲ. ಕಣತಲೆಯ ನಾಳ ಸಾಕುವುದು ನೆತ್ತಿಯ ಚರ್ಮವನ್ನು, ಆ ಚರ್ಮಕ್ಕೆ ಬೇರೆ ಹತ್ತು ದಾರಿಗಳಿಂದ ರಕ್ತ ಬರುತ್ತದೆ. ಕುತ್ತಿಗೆಯೊಳಗಿನ ಒಳ ಕೆರೋಟಿಡ್ ನಾಳ ಸಾಕುವುದು ಮಿದುಳನ್ನು. ಮೊದಲನೆಯದನ್ನು ಕಟ್ಟಿಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡನೆಯದನ್ನು ಪರೀಕ್ಷಿಸದೆ ಕಟ್ಟಿದರೆ ಅರ್ಧ ಮೈಯ ಸ್ವಾಧೀನ ಹೋಗಬಹುದು.

ಯಾವ ಪರೀಕ್ಷೆ

ಮೊದಲ ಪರೀಕ್ಷೆಗೆ ಕಾಸು ಖರ್ಚಿಲ್ಲ. ವೈದ್ಯರು ಕಿವಿಯ ಮುಂದಿನ ಸಣ್ಣ ಮೃದ್ವಸ್ಥಿಯ ಎದುರಿಗೆ, ಕಣತಲೆಯ ನಾಳ ಮೇಲೇರುವ ಜಾಗದಲ್ಲಿ, ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಗಂಟಿನ ಬಡಿತ ನಿಂತು, ಗಂಟು ಸ್ವಲ್ಪ ಮೆತ್ತಗಾದರೆ ಸಂಶಯ ಬಹುಪಾಲು ನಿಜವೇ. ಸ್ಟೆತಾಸ್ಕೋಪ್ ಇಟ್ಟಾಗ ಊದಿದಂತಹ ಸದ್ದು ಕೇಳಿಸಬಹುದು. ಬೆರಳಿಗೆ ಎಡೆಬಿಡದೆ ನಡುಕ ಸಿಕ್ಕು, ಯಂತ್ರ ಓಡುವಂಥ ನಿರಂತರ ಸದ್ದು ಕೇಳಿದರೆ ಅದು ಇನ್ನೊಂದು ತೊಂದರೆಯ ಸೂಚನೆ: ಅಪಧಮನಿಗೂ ಅಭಿಧಮನಿಗೂ ನೇರ ಜೋಡಣೆಯಾಗಿದೆ ಎಂದರ್ಥ. ಅದರ ಚಿಕಿತ್ಸೆಯ ಲೆಕ್ಕಾಚಾರವೇ ಬೇರೆಯಾದ್ದರಿಂದ ಈ ವ್ಯತ್ಯಾಸವನ್ನು ಆರಂಭದಲ್ಲೇ ಗುರುತಿಸಬೇಕು.

ಎರಡನೆಯದು ಡಾಪ್ಲರ್ ಅಲ್ಟ್ರಾಸೌಂಡ್. ನಾನು ಆ ಕೆಲಸದವನೇ ಆದ್ದರಿಂದ ಅದರ ಪರವಾಗಿ ಮಾತನಾಡುತ್ತೇನೆಂದು ಓದುಗರು ಸ್ವಲ್ಪ ತಗ್ಗಿಸಿ ಓದಿಕೊಳ್ಳಲಿ. ಆದರೂ ಚರ್ಮದ ಕೆಳಗೇ ಇರುವ ಗಂಟಿಗೆ ಇದಕ್ಕಿಂತ ಒಳ್ಳೆಯ ಮೊದಲ ಪರೀಕ್ಷೆ ಇಲ್ಲ. ಚೀಲದೊಳಗೆ ರಕ್ತ ಸುತ್ತುತ್ತಿರುವಾಗ ಪರದೆಯ ಮೇಲೆ ಅರ್ಧ ಕೆಂಪು, ಅರ್ಧ ನೀಲಿ ಕಾಣುತ್ತದೆ. ಚೀಲ ಮತ್ತು ನಾಳ ಕೂಡುವ ಕೊರಳಿನಲ್ಲಿ ರಕ್ತ ಒಳಗೂ ಹೊರಗೂ ಹೋಗಿಬರುವ ಗುರುತು ಸಿಗುತ್ತದೆ. ವಿಕಿರಣವಿಲ್ಲ, ಚುಚ್ಚುಮದ್ದಿಲ್ಲ, ಗರ್ಭಿಣಿಯರಿಗೂ ಮಾಡಬಹುದು. ಇದರ ಮಿತಿಯೂ ಸ್ಪಷ್ಟ: ಎಲುಬಿನ ಹಿಂದಿರುವುದನ್ನು ಇದು ಕಾಣುವುದಿಲ್ಲ. ದವಡೆಯ ಎಲುಬಿನ ಒಳಮಗ್ಗುಲಲ್ಲಿ ಹಾಯುವ ಮ್ಯಾಕ್ಸಿಲರಿ ನಾಳ, ತಲೆಬುರುಡೆಯ ತಳದಲ್ಲಿರುವ ಕೆರೋಟಿಡ್ ನಾಳದ ಭಾಗ, ಕುತ್ತಿಗೆಯ ಮಣಿಗಳ ರಂಧ್ರಗಳೊಳಗೆ ಏರುವ ವರ್ಟಿಬ್ರಲ್ ನಾಳ, ಇವೆಲ್ಲ ಡಾಪ್ಲರಿನ ಕೈಗೆ ಪೂರ್ತಿಯಾಗಿ ಸಿಗುವಂಥವಲ್ಲ. ಇನ್ನೊಂದು ಮಾತು: ಚೀಟಿಯಲ್ಲಿ "ಗಂಟು, ಸ್ಕ್ಯಾನ್ ಮಾಡಿ" ಎಂದಷ್ಟೇ ಬರೆದು ಕಳಿಸಿದರೆ ಬಣ್ಣದ ಡಾಪ್ಲರ್ ಹಾಕದೆ ಕಪ್ಪು-ಬಿಳುಪಿನ ಚಿತ್ರವನ್ನಷ್ಟೇ ನೋಡಿ "ನೀರುಗುಳ್ಳೆ" ಎಂದು ಬರೆಯುವ ಸಂಭವವಿದೆ. ಪೆಟ್ಟಾದ ದಿನಾಂಕವನ್ನೂ ಬಡಿತವಿದೆ ಎಂಬುದನ್ನೂ ಬರೆಸಿಕೊಂಡು ಬರುವುದು ರೋಗಿಯ ಕಡೆಯವರ ಕೈಯಲ್ಲೇ ಇರುವ ಕೆಲಸ.

ಆಳದ ನಾಳಗಳಿಗೆ ಸಿ.ಟಿ. ಆಂಜಿಯೋಗ್ರಾಂ ಬೇಕು. ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧ ಕೊಟ್ಟು ಕೆಲವೇ ಸೆಕೆಂಡುಗಳಲ್ಲಿ ಎದೆಯಿಂದ ನೆತ್ತಿಯವರೆಗಿನ ನಾಳಗಳ ಚಿತ್ರ ತೆಗೆಯುವ ಈ ಪರೀಕ್ಷೆಯಲ್ಲಿ ಎಲುಬಿನ ಬಿರುಕು ಮತ್ತು ನಾಳ ಎರಡೂ ಒಂದೇ ಚಿತ್ರದಲ್ಲಿ ಕಾಣುವುದರಿಂದ ಅಪಘಾತದ ರೋಗಿಗೆ ಇದೇ ಹೆಚ್ಚು ಉಪಯುಕ್ತ. ಇದಕ್ಕೆ ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಹಿಂದೆ ಇಂಥ ಔಷಧದಿಂದ ಅಲರ್ಜಿಯಾದವರು ಅದನ್ನು ಮುಚ್ಚಿಡದೆ ಹೇಳಬೇಕು. ಎಂ.ಆರ್.ಐ. ಯಂತ್ರದಲ್ಲಿ ಮಾಡುವ ಎಂ.ಆರ್. ಆಂಜಿಯೋಗ್ರಾಂನಲ್ಲಿ ವಿಕಿರಣವಿಲ್ಲ, ಕೆಲವು ವಿಧಾನಗಳಲ್ಲಿ ಔಷಧವೂ ಬೇಡ. ಆದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಅಲುಗಾಡದೆ ಮಲಗಬೇಕು, ರಕ್ತ ಸುಳಿಯಾಗಿ ತಿರುಗುವ ಚೀಲ ಅದರಲ್ಲಿ ಮಸುಕಾಗಬಹುದು. ಪೆಟ್ಟಿನ ಪ್ರಕರಣಗಳಲ್ಲಿ ನಾನು ಅದನ್ನು ಎರಡನೆಯ ಸಾಲಿನಲ್ಲಿ ಇಡುತ್ತೇನೆ.

ಕೊನೆಯದು ಡಿ.ಎಸ್.ಎ., ಅಂದರೆ ತೊಡೆಸಂದಿಯ ಅಥವಾ ಮಣಿಕಟ್ಟಿನ ನಾಳದ ಮೂಲಕ ತೆಳ್ಳನೆಯ ಕೊಳವೆಯನ್ನು ಕುತ್ತಿಗೆಯವರೆಗೆ ಏರಿಸಿ ಔಷಧ ಬಿಟ್ಟು ತೆಗೆಯುವ ಚಲಿಸುವ ಚಿತ್ರ. 1927ರಲ್ಲಿ ಪೋರ್ಚುಗಲ್‌ನ ಈಗಾಸ್ ಮೋನಿಜ್ ಮಿದುಳಿನ ನಾಳಗಳ ಚಿತ್ರ ತೆಗೆದಾಗಿನಿಂದ ಬೆಳೆದುಬಂದ ವಿಧಾನವಿದು. ಇಂದಿಗೂ ಅಂತಿಮ ಮಾತು ಇದರದೇ. ಮಿದುಳಿನ ನಾಳಗಳಲ್ಲಿ ಮಾಡುವಾಗ ಪಾರ್ಶ್ವವಾಯುವಿನಂಥ ಶಾಶ್ವತ ತೊಂದರೆಯ ಸಂಭವ ನುರಿತ ಕೈಗಳಲ್ಲಿ ಶೇ. 1ಕ್ಕಿಂತ ಕಡಿಮೆ, ಕಡಿಮೆಯಾದರೂ ಇಲ್ಲವೆಂದಲ್ಲ. ಆದ್ದರಿಂದ ಬರೀ ನೋಡುವುದಕ್ಕೆಂದು ಇದನ್ನು ಮಾಡಿಸಬಾರದು. ನೋಡಿ ಅದೇ ಮೇಜಿನ ಮೇಲೆ ಚಿಕಿತ್ಸೆಯನ್ನೂ ಮುಗಿಸುವ ಸಿದ್ಧತೆಯಿದ್ದಾಗ ಮಾಡಿಸಬೇಕು. ಕಣತಲೆಯ ಸಾಧಾರಣ ಗಂಟಿಗೆ ಡಾಪ್ಲರ್ ಸ್ಪಷ್ಟವಾಗಿದ್ದರೆ ಡಿ.ಎಸ್.ಎ. ಬೇಕಾಗುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಕಣತಲೆಯ ಗಂಟಿಗೆ: ಕಾಯುವುದು, ಒತ್ತುವುದು, ಚುಚ್ಚುವುದು, ಕೊಯ್ಯುವುದು

ತಲೆ ಮತ್ತು ಮುಖದ ಹೊರಗಿನ ನಾಳಗಳಲ್ಲಿ ಪೆಟ್ಟಿನ ಅನ್ಯೂರಿಸಂ ಹೆಚ್ಚಾಗಿ ಕಾಣುವುದು ಕಣತಲೆಯ ನಾಳದ ಮುಂದಿನ ಕವಲಿನಲ್ಲಿ. ಅದಕ್ಕೆ ಕಾರಣ ಅದು ಹಾಯುವ ದಾರಿ: ಹಣೆಯ ಎಲುಬಿನ ಏಣಿನ ಮೇಲೆ, ಮಾಂಸದ ಮೆತ್ತೆಯಿಲ್ಲದೆ, ತೆಳು ಚರ್ಮದ ಕೆಳಗೇ ಅದು ಹೋಗುತ್ತದೆ. ಕ್ರಿಕೆಟ್ ಚೆಂಡು, ಕಬಡ್ಡಿಯಲ್ಲಿ ಎದುರಾಳಿಯ ಮೊಣಕೈ, ಜಗಳದಲ್ಲಿ ಬಡಿದ ಬಡಿಗೆ, ಯಾವುದಾದರೂ ನಾಳವನ್ನು ಎಲುಬಿನ ಏಣಿಗೆ ಒತ್ತಿ ಅರೆಯುತ್ತದೆ. ಪಟ್ಟಣಗಳಲ್ಲಿ ಈಗ ಕೂದಲು ನಾಟಿ ಮಾಡಿಸಿಕೊಂಡವರಲ್ಲೂ ಸೂಜಿಯ ಗಾಯದಿಂದ ಇದು ಆದ ವರದಿಗಳಿವೆ. ಆಡುವ, ದುಡಿಯುವ, ಗಾಡಿ ಓಡಿಸುವ ವಯಸ್ಸಿನ ಗಂಡಸರೇ ಇದರಲ್ಲಿ ಹೆಚ್ಚು.

ಸುಮ್ಮನೆ ಕಾಯುವುದು ಒಂದು ಆಯ್ಕೆ. ಚಿಕ್ಕ ಚೀಲಗಳು ತಾವಾಗಿಯೇ ಹೆಪ್ಪುಗಟ್ಟಿ ಮುಚ್ಚಿಕೊಳ್ಳುವುದುಂಟು. ಆದರೆ ಗಂಟು ದೊಡ್ಡದಾಗುತ್ತಿದ್ದರೆ, ತಲೆ ಸಿಡಿತವಿದ್ದರೆ, ಮೇಲಿನ ಚರ್ಮ ತೆಳುವಾಗುತ್ತಿದ್ದರೆ ಕಾಯುವುದು ಸರಿಯಲ್ಲ. ಹೊಲಗೆಲಸ ಮಾಡುವವರಿಗೆ, ತಲೆಯ ಮೇಲೆ ಹೊರೆ ಹೊರುವವರಿಗೆ ಅದೇ ಜಾಗಕ್ಕೆ ಎರಡನೆಯ ಪೆಟ್ಟು ಬೀಳುವ ಸಂಭವ ಹೆಚ್ಚಾದ್ದರಿಂದ ಅವರ ಮಟ್ಟಿಗೆ ಕಾಯುವ ಸಲಹೆ ನನಗೆ ಒಪ್ಪಿಗೆಯಾಗುವುದಿಲ್ಲ. ಕಾಯುವುದಾದರೂ ಎರಡು ವಾರಕ್ಕೊಮ್ಮೆ ಡಾಪ್ಲರ್ ಮಾಡಿಸಿ ಅಳತೆ ಬರೆದಿಟ್ಟುಕೊಂಡು ಕಾಯಬೇಕು.

ಒತ್ತಿ ಮುಚ್ಚುವುದು, ಅಂದರೆ ಸ್ಕ್ಯಾನಿನಲ್ಲಿ ನೋಡುತ್ತ ಚೀಲದ ಕೊರಳನ್ನು ಹತ್ತಿಪ್ಪತ್ತು ನಿಮಿಷಗಳಂತೆ ಅದುಮಿ ಹಿಡಿಯುವುದು, ತೊಡೆಸಂದಿಯ ನಾಳದಲ್ಲಿ ನಡೆಯುವ ವಿಧಾನ. ಕಣತಲೆಯಲ್ಲಿ ಕೆಲವೊಮ್ಮೆ ಫಲಿಸುತ್ತದೆ, ಹಲವೊಮ್ಮೆ ಮತ್ತೆ ತೆರೆದುಕೊಳ್ಳುತ್ತದೆ. ಬಟ್ಟೆಯ ಬಿಗಿ ಪಟ್ಟಿ ಕಟ್ಟಿ ಮನೆಯಲ್ಲೇ ಮಾಡುವ ಪ್ರಯತ್ನವನ್ನಂತೂ ಯಾರೂ ಮಾಡಬಾರದು.

ಥ್ರಾಂಬಿನ್ ಚುಚ್ಚುಮದ್ದು ಮೂರನೆಯದು. ರಕ್ತವನ್ನು ಹೆಪ್ಪುಗಟ್ಟಿಸುವ ಈ ಔಷಧವನ್ನು ಸ್ಕ್ಯಾನಿನಲ್ಲಿ ನೋಡುತ್ತ, ಕೊರಳಿನಿಂದ ದೂರದಲ್ಲಿ ಸೂಜಿಯ ತುದಿಯಿಟ್ಟು, ಚೀಲದೊಳಗೆ ಸ್ವಲ್ಪವೇ ಬಿಟ್ಟರೆ ಕಣ್ಣೆದುರಿನಲ್ಲೇ ಬಣ್ಣ ಆರಿಹೋಗಿ ಚೀಲ ಮುಚ್ಚಿಕೊಳ್ಳುತ್ತದೆ. ಹೊಲಿಗೆಯಿಲ್ಲ, ಕಲೆಯಿಲ್ಲ. ಇಷ್ಟು ಸೊಗಸಾದ ವಿಧಾನವನ್ನು ಮುಖದ ಮೇಲೆ ಬಳಸಲು ಅನುಭವಿಗಳು ಹಿಂಜರಿಯುವುದಕ್ಕೆ ಬಲವಾದ ಕಾರಣವಿದೆ: ಮುಖದ ಹೊರಗಿನ ನಾಳಗಳಿಗೂ ಕಣ್ಣಿನ ನಾಳಕ್ಕೂ ಕೂದಲೆಳೆಯಂಥ ಜೋಡಣೆಗಳಿವೆ. ಕೊರಳು ಅಗಲವಾಗಿದ್ದು ಔಷಧ ಚೀಲದಿಂದ ಹೊರಗೆ ಜಾರಿದರೆ ಅದು ಚರ್ಮವನ್ನಷ್ಟೇ ಅಲ್ಲ, ದೃಷ್ಟಿಯನ್ನೂ ಕೆಡಿಸಬಹುದು. ಕೊರಳು ಕಿರಿದು, ಕೈ ನುರಿತದ್ದು, ಶಸ್ತ್ರಚಿಕಿತ್ಸೆಗೆ ದೇಹ ಒಗ್ಗದು ಎಂಬ ಮೂರೂ ಕೂಡಿಬಂದಾಗ ಮಾತ್ರ ಇದು ಯೋಗ್ಯ.

ನಾಲ್ಕನೆಯದು ಹಳೆಯ, ಸರಳ ದಾರಿ: ಜಾಗಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ನಾಳದ ಎರಡೂ ತುದಿಗಳನ್ನು ಕಟ್ಟಿ, ಚೀಲವನ್ನು ತೆಗೆದುಬಿಡುವುದು. ಸಾಮಾನ್ಯ ಶಸ್ತ್ರಚಿಕಿತ್ಸಕರು, ಪ್ಲಾಸ್ಟಿಕ್ ಸರ್ಜನ್‌ಗಳು, ರಕ್ತನಾಳದ ತಜ್ಞರು ಯಾರಾದರೂ ಮಾಡಬಲ್ಲರು. ತೊಡಕಿಲ್ಲದ ಗಂಟಾದರೆ ಅದೇ ದಿನ ಅಥವಾ ಮರುದಿನ ಮನೆಗೆ ಹೋಗಬಹುದು. ತೆಗೆದದ್ದನ್ನು ಪ್ರಯೋಗಾಲಯಕ್ಕೆ ಕಳಿಸಿ ರೋಗವನ್ನು ಖಚಿತಪಡಿಸಿಕೊಳ್ಳಬಹುದು, ಗಂಟಿನ ಉಬ್ಬು ಒಮ್ಮೆಗೇ ಹೋಗುತ್ತದೆ, ಮತ್ತೆ ಬರುವುದು ಬಹಳ ಅಪರೂಪ. ಎಚ್ಚರಿಕೆ ಬೇಕಾದದ್ದು ಮುಖದ ನರದ ಹಣೆಯ ಕವಲಿನ ವಿಷಯದಲ್ಲಿ. ಅದು ಇದೇ ನೆರೆಯಲ್ಲಿ ಹಾಯುವುದರಿಂದ ಅದಕ್ಕೆ ಗಾಯವಾದರೆ ಆ ಕಡೆಯ ಹುಬ್ಬು ಏಳುವುದಿಲ್ಲ. ಶಸ್ತ್ರಚಿಕಿತ್ಸಕರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ.

ಇನ್ನು ಕಾಯಿಲ್. ನಾಳದೊಳಗಿನಿಂದ ಹೋಗಿ ಪ್ಲಾಟಿನಂ ತಂತಿಯ ಸುರುಳಿ ತುಂಬಿಸುವ ಈ ವಿಧಾನ 1990ರ ದಶಕದಿಂದ ಮಿದುಳಿನ ಅನ್ಯೂರಿಸಂ ಚಿಕಿತ್ಸೆಯ ಗತಿಯನ್ನೇ ಬದಲಿಸಿತು. ಆದರೆ ಕಣತಲೆಯಲ್ಲಿ ಅದರ ಲಾಭ ನನಗೆ ಕಾಣದು. ಕೊಳವೆಯನ್ನು ಕುತ್ತಿಗೆಯ ಮೂಲಕ ಏರಿಸುವ ಅಪಾಯವನ್ನು ಹೊತ್ತು, ಚರ್ಮದ ಕೆಳಗೆ ಅರ್ಧ ಅಂಗುಲದಲ್ಲಿರುವ ನಾಳವನ್ನು ಮುಚ್ಚಿ, ಕೊನೆಗೆ ಗಂಟು ಗಟ್ಟಿಯಾಗಿ ಅಲ್ಲೇ ಉಳಿದರೆ ರೋಗಿಗೆ ಆದದ್ದೇನು? ಕೆಲವರಲ್ಲಿ ತಂತಿ ಚರ್ಮದ ಕೆಳಗೆ ಕೈಗೆ ತಾಗುತ್ತದೆ. ಗಂಟು ತೀರ ದೊಡ್ಡದಾಗಿದ್ದಾಗ ಅಥವಾ ಅಭಿಧಮನಿಯ ಜೋಡಣೆಯೂ ಇದ್ದಾಗ ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತದ ಹರಿವನ್ನು ತಗ್ಗಿಸುವುದಕ್ಕೆ ಅದು ನೆರವಾಗಬಹುದು, ಅಷ್ಟೇ.

ದವಡೆ, ನಾಲಗೆ, ಮೂಗು: ಇಲ್ಲಿ ಲೆಕ್ಕ ತಿರುಗುತ್ತದೆ

ಕೆಳದವಡೆಯ ಅಂಚಿನಲ್ಲಿ ಮುಖದ ನಾಳ ಎಲುಬನ್ನು ದಾಟುವ ಜಾಗವೂ ಕಣತಲೆಯಂತೆಯೇ ಮೇಲ್ಮೈಯದು. ಅಲ್ಲಿಯ ಗಂಟನ್ನು ಕಟ್ಟಿ ತೆಗೆಯಬಹುದು, ಕಾಯಿಲ್ ಕೂಡ ಒಪ್ಪುತ್ತದೆ. ಹಿಂದಲೆಯ ನಾಳದ ಗಂಟೂ ಹೆಚ್ಚುಕಡಿಮೆ ಹಾಗೆಯೇ.

ಆದರೆ ಮೋಟಾರ್‌ಸೈಕಲ್ಲಿನಿಂದ ಗದ್ದ ಊರಿ ಬಿದ್ದು ಕಿವಿಯ ಮುಂದಿನ ದವಡೆಯ ಕೀಲು ಮುರಿದವರಲ್ಲಿ, ಮೇಲ್ದವಡೆ ಅಡ್ಡಲಾಗಿ ಬಿರುಕು ಬಿಟ್ಟವರಲ್ಲಿ, ದವಡೆಯ ಶಸ್ತ್ರಚಿಕಿತ್ಸೆ ಆದವರಲ್ಲಿ ಮ್ಯಾಕ್ಸಿಲರಿ ನಾಳದ ಅನ್ಯೂರಿಸಂ ಉಂಟಾಗಬಹುದು. ಇಲ್ಲಿ ಹೊರಗೆ ಗಂಟು ಕಾಣಬೇಕೆಂದಿಲ್ಲ. ದಿನಗಳೋ ವಾರಗಳೋ ಕಳೆದ ಮೇಲೆ ಒಮ್ಮೆಗೇ ಮೂಗಿನಿಂದ ಅಥವಾ ಬಾಯಿಯಿಂದ ರಕ್ತ ಸುರಿಯುತ್ತದೆ, ಬತ್ತಿ ತುರುಕಿದರೆ ನಿಲ್ಲುತ್ತದೆ, ತೆಗೆದರೆ ಮರಳಿ ಬರುತ್ತದೆ. ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ ತಡವಾಗಿ, ಪದೇ ಪದೇ ರಕ್ತ ಬರುವವರಲ್ಲಿ ನಾಲಗೆಯ ನಾಳವನ್ನೂ ಸಂಶಯಿಸಬೇಕು. ಈ ಜಾಗಗಳಿಗೆ ಶಸ್ತ್ರಚಿಕಿತ್ಸೆಯ ಚಾಕು ತಲುಪಬೇಕಾದರೆ ದವಡೆಯ ಹಿಂದೆ, ನರಗಳ ಗೊಂದಲದ ನಡುವೆ ಹೋಗಬೇಕು. ಮುಖಕ್ಕೂ ನೆತ್ತಿಗೂ ರಕ್ತ ಒಯ್ಯುವ ಹೊರ ಕೆರೋಟಿಡ್ ನಾಳವನ್ನು ಕುತ್ತಿಗೆಯಲ್ಲೇ ಕಟ್ಟಿದರೂ ಎದುರು ಬದಿಯಿಂದ ರಕ್ತ ಬಂದು ಚೀಲ ಮತ್ತೆ ತುಂಬಬಹುದು, ಮೇಲಾಗಿ ಮುಂದೆ ಕಾಯಿಲ್ ಹಾಕುವ ದಾರಿಯೂ ಮುಚ್ಚಿಹೋಗುತ್ತದೆ. ಆದ್ದರಿಂದ ಇಲ್ಲಿ ಮೊದಲ ಆಯ್ಕೆ ನಾಳದೊಳಗಿನ ಚಿಕಿತ್ಸೆ: ಕಾಯಿಲ್, ಅಥವಾ ರಕ್ತ ತಾಗಿದೊಡನೆ ಗಟ್ಟಿಯಾಗುವ ಅಂಟು. ಕಾಯಿಲ್ ನಿಧಾನ, ದುಬಾರಿ, ಆದರೆ ಇಟ್ಟ ಕಡೆ ನಿಲ್ಲುತ್ತದೆ. ಅಂಟು ಅಗ್ಗ, ವೇಗ, ಆದರೆ ಕೈ ತಪ್ಪಿದರೆ ಹಿಂತೆಗೆಯಲಾಗದು, ಕಣ್ಣಿಗೂ ಮಿದುಳಿಗೂ ಹೋಗುವ ಗುಪ್ತ ಜೋಡಣೆಗಳ ಅಪಾಯ ಅದರಲ್ಲೇ ಹೆಚ್ಚು. ಯಾವುದೆಂದು ಆರಿಸುವುದನ್ನು ಚಿತ್ರ ನೋಡುತ್ತಿರುವ ವೈದ್ಯರಿಗೇ ಬಿಡಬೇಕು.

ಕುತ್ತಿಗೆ ಮತ್ತು ತಲೆಬುರುಡೆಯ ಒಳಗೆ

1805ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರ್ ಕೆರೋಟಿಡ್ ಅನ್ಯೂರಿಸಂಗಾಗಿ ಆ ನಾಳವನ್ನೇ ಕಟ್ಟಿದಾಗ ರೋಗಿ ಉಳಿಯಲಿಲ್ಲ. 1808ರಲ್ಲಿ ಇನ್ನೊಬ್ಬ ರೋಗಿಗೆ ಕಟ್ಟಿದಾಗ ಆತ ಉಳಿದ. ಮಿದುಳಿಗೆ ಇನ್ನೊಂದು ಬದಿಯ ರಕ್ತ ಸಾಕಾಗುವುದೋ ಇಲ್ಲವೋ ಎಂಬುದು ಆಗ ಅದೃಷ್ಟದ ಮಾತಾಗಿತ್ತು. ಈಗ ಬಲೂನಿನಿಂದ ನಾಳವನ್ನು ತಾತ್ಕಾಲಿಕವಾಗಿ ಮುಚ್ಚಿ, ರೋಗಿಯ ಕೈಕಾಲು, ಮಾತು ನೋಡಿ ತೀರ್ಮಾನಿಸುವ ಪರೀಕ್ಷೆಯಿದೆ.

ಕುತ್ತಿಗೆಯ ಕೆರೋಟಿಡ್ ಮತ್ತು ವರ್ಟಿಬ್ರಲ್ ನಾಳಗಳಿಗೆ ಗಾಯವಾಗುವುದು ಚಾಕು, ಗಾಳಿಪಟದ ಮಾಂಜಾ ದಾರ, ಕುತ್ತಿಗೆಯ ಮಣಿ ಮುರಿತ, ಬೈಕಿನ ಚಕ್ರಕ್ಕೋ ರಾಶಿ ಯಂತ್ರದ ಪಟ್ಟಿಗೋ ಸೆರಗು ಅಥವಾ ದುಪಟ್ಟಾ ಸಿಕ್ಕು ಕೊರಳು ಬಿಗಿದುಕೊಳ್ಳುವುದು, ಇಂಥವುಗಳಿಂದ. ಮೊಂಡು ಪೆಟ್ಟಿನ ನಾಳಗಾಯವನ್ನು ವೈದ್ಯರು ಐದು ದರ್ಜೆಗಳಲ್ಲಿ ಅಳೆಯುತ್ತಾರೆ. ಹುಸಿ ಅನ್ಯೂರಿಸಂ ಮೂರನೆಯ ದರ್ಜೆ, ನಾಳ ಪೂರ್ತಿ ಮುಚ್ಚುವುದು ನಾಲ್ಕನೆಯದು, ತುಂಡಾಗಿ ರಕ್ತ ಹೊರಗೆ ಹರಿಯುವುದು ಐದನೆಯದು. ಇಲ್ಲಿ ಒಡೆಯುವ ಭಯದಷ್ಟೇ ದೊಡ್ಡದು ಚೀಲದಿಂದ ಹೆಪ್ಪಿನ ಚೂರು ಮೇಲೆ ಹೋಗಿ ಪಾರ್ಶ್ವವಾಯುವಾಗುವ ಭಯ. ಒಂದು ಕಣ್ಣಿನ ರೆಪ್ಪೆ ಜೋತು ಪಾಪೆ ಚಿಕ್ಕದಾಗುವುದು, ದನಿ ಒಡೆಯುವುದು, ನಾಲಗೆ ಒಂದು ಬದಿಗೆ ವಾಲುವುದು, ಕೈಯಲ್ಲಿ ಶಕ್ತಿ ಕುಂದುವುದು, ಇವುಗಳಲ್ಲಿ ಒಂದು ಕಂಡರೂ ತಡ ಮಾಡುವಂತಿಲ್ಲ.

ಚಿಕಿತ್ಸೆಗಳಲ್ಲಿ ಔಷಧ ಮೊದಲನೆಯದು: ಚಿಕ್ಕ, ಬೆಳೆಯದ ಚೀಲಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಹೆಪಾರಿನ್ ಕೊಟ್ಟು, ಏಳರಿಂದ ಹತ್ತು ದಿನಗಳಲ್ಲಿ ಮತ್ತೆ ಸಿ.ಟಿ. ಆಂಜಿಯೋಗ್ರಾಂ ಮಾಡಿ ನೋಡುತ್ತಾರೆ. ಬೆಳೆಯುವ ಚೀಲಕ್ಕೆ ಬಟ್ಟೆಯ ಹೊದಿಕೆಯಿರುವ ಸ್ಟೆಂಟ್ ಅಥವಾ ದಟ್ಟ ಜಾಲರಿಯ, ರಕ್ತದ ಹರಿವನ್ನು ಚೀಲದಿಂದ ತಿರುಗಿಸುವ ಸ್ಟೆಂಟ್ ಇವೆ. ಸ್ಟೆಂಟ್ ನಾಳವನ್ನು ಉಳಿಸುತ್ತದೆ; ಅದಕ್ಕೆ ಪ್ರತಿಯಾಗಿ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್ ಥರದ ಇನ್ನೊಂದು ಗುಳಿಗೆಯನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ಮಿದುಳಿನಲ್ಲೂ ರಕ್ತಸ್ರಾವವಾಗಿರುವ ಅಪಘಾತದ ರೋಗಿಗೆ ರಕ್ತ ತೆಳುವಾಗಿಸುವ ಈ ಗುಳಿಗೆಗಳೇ ಕಂಟಕವಾಗಬಹುದು, ಆಗ ನಾಳವನ್ನೇ ಮುಚ್ಚುವುದು ಅಥವಾ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನಾಳವನ್ನು ಕಸಿ ಮಾಡುವುದು ಉಳಿದ ದಾರಿ. ಒಂದು ಬದಿಯ ವರ್ಟಿಬ್ರಲ್ ನಾಳವನ್ನು, ಇನ್ನೊಂದು ಬದಿಯದು ಚೆನ್ನಾಗಿದ್ದರೆ, ಮುಚ್ಚುವುದು ಕೆರೋಟಿಡ್‌ಗಿಂತ ಸುರಕ್ಷಿತ.

ತಲೆಬುರುಡೆಯ ಒಳಗಿನ ಪೆಟ್ಟಿನ ಅನ್ಯೂರಿಸಂಗಳು ಎಲ್ಲ ಮಿದುಳಿನ ಅನ್ಯೂರಿಸಂಗಳಲ್ಲಿ ಶೇ. 1ಕ್ಕಿಂತ ಕಡಿಮೆ. ಅಪರೂಪವಾದರೂ ಕ್ರೂರವಾದವು, ಚಿಕಿತ್ಸೆಯಿಲ್ಲದೆ ಉಳಿದವುಗಳಲ್ಲಿ ಸಾವಿನ ಪ್ರಮಾಣ ಶೇ. 50ರವರೆಗೂ ವರದಿಯಾಗಿದೆ. ಮನೆಯವರು ನೆನಪಿಡಬೇಕಾದ ಒಂದು ಕೂಟವಿದೆ: ತಲೆಗೆ ಪೆಟ್ಟಾಗಿ ಕಣ್ಣಿನ ಗೂಡಿನ ಎಲುಬು ಮುರಿದು, ಒಂದು ಕಣ್ಣಿನ ದೃಷ್ಟಿ ಹೋಗಿ, ವಾರಗಳು ಅಥವಾ ತಿಂಗಳುಗಳ ನಂತರ ಮೂಗಿನಿಂದ ಧಾರಾಕಾರವಾಗಿ ರಕ್ತ ಬಂದರೆ, ಅದು ಬುರುಡೆಯ ತಳದಲ್ಲಿರುವ ಕೆರೋಟಿಡ್ ನಾಳದಿಂದ ಬರುತ್ತಿರಬಹುದು. "ಉಷ್ಣಕ್ಕೆ ಮೂಗು ಒಡೆದದ" ಎಂದು ನಮ್ಮ ಬಿಸಿಲ ನಾಡಿನಲ್ಲಿ ಹೇಳುವುದು ವಾಡಿಕೆ, ಮೇ ತಿಂಗಳಲ್ಲಿ ಹಾಗೆ ಒಡೆಯುವುದೂ ನಿಜ. ತಲೆಗೆ ಪೆಟ್ಟಾದ ಇತಿಹಾಸವಿದ್ದವರ ವಿಷಯದಲ್ಲಿ ಮಾತ್ರ ಆ ಸಮಾಧಾನ ಸಲ್ಲದು.

ಯಾವ ಊರು, ಯಾವ ಹಣ

ಕಣತಲೆ, ಹಿಂದಲೆ, ದವಡೆಯ ಅಂಚಿನ ಗಂಟುಗಳಿಗೆ ಊರು ಬಿಟ್ಟು ಹೋಗುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಕಲಬುರಗಿಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಇಂಥ ಕಡೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಡಾಪ್ಲರ್ ವರದಿಯೊಂದಿಗೆ ಹೋದರೆ ಸಾಕು. "ದೊಡ್ಡ ದವಾಖಾನಿ ಅಂದ್ರ ಹೈದ್ರಾಬಾದೇ" ಎಂಬ ನಮ್ಮ ಜನರ ನಂಬಿಕೆ ಬಲವಾದದ್ದು. ಆದರೆ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಬೀದರಿನಿಂದ ಸುಮಾರು 140, ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್ ಹೋಗಿ, ಅಲ್ಲಿ ಕಾಯಿಲ್ ಹಾಕಿಸಿಕೊಂಡು ಬರುವುದರಲ್ಲಿ ಅರ್ಥವಿಲ್ಲ.

ಮೂಗಿನಿಂದ, ಬಾಯಿಯಿಂದ ಮರಳಿ ಮರಳಿ ರಕ್ತ ಬರುವವರು, ಕುತ್ತಿಗೆಯ ಗಂಟು ಬೆಳೆಯುತ್ತಿರುವವರು, ಬುರುಡೆಯ ಒಳಗಿನ ಸಂಶಯವಿರುವವರು ಇದಕ್ಕೆ ತದ್ವಿರುದ್ಧವಾಗಿ ನಡೆಯಬೇಕು: ಹತ್ತಿರದಲ್ಲಿ ರಕ್ತ ನಿಲ್ಲಿಸಿಕೊಂಡು, ಉಸಿರಿನ ದಾರಿ ಭದ್ರಪಡಿಸಿಕೊಂಡು, ಮಿದುಳಿನ ನಾಳಗಳೊಳಗೆ ಕೆಲಸ ಮಾಡುವ ತಜ್ಞರಿರುವ ಕಡೆಗೆ ತಡಮಾಡದೆ ಹೊರಡಬೇಕು. ಹೃದಯಕ್ಕೆ ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್ ಇದ್ದಮಾತ್ರಕ್ಕೆ ಮಿದುಳಿನ ನಾಳದ ಚಿಕಿತ್ಸೆ ಅಲ್ಲಿ ಸಿಗುತ್ತದೆಂದಲ್ಲ. ಯಂತ್ರ ಒಂದೇ ಥರದ್ದು ಇರಬಹುದು, ಕೈ ಬೇರೆಯದು. ಹೊರಡುವ ಮುನ್ನ ಇಲ್ಲಿನ ವೈದ್ಯರಿಂದಲೇ ಫೋನು ಮಾಡಿಸಿ ಆ ತಜ್ಞರು ಇಂದು ಊರಲ್ಲಿದ್ದಾರೆಯೇ ಎಂದು ಕೇಳಿಸಬೇಕು. ಕಲಬುರಗಿಯವರಿಗೆ ಸೊಲ್ಲಾಪುರ ಸುಮಾರು 110 ಕಿಲೋಮೀಟರ್, ಹೈದರಾಬಾದ್ ಅದರ ಎರಡರಷ್ಟು, ಬೆಂಗಳೂರು ಸುಮಾರು 600. ಸ್ಥಿರವಾಗಿರುವ ರೋಗಿಗೆ, ಯೋಜಿತ ಸ್ಟೆಂಟಿಗೆ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ಯೋಗ್ಯ. ರಕ್ತ ಸುರಿಯುತ್ತಿರುವ ರೋಗಿಗೆ ಹತ್ತಿರದ ಸಮರ್ಥ ಊರೇ ಸರಿ. ರಾಜ್ಯದ ಗಡಿ ದಾಟಿದಾಗ ನಮ್ಮ ಸರ್ಕಾರಿ ಆರೋಗ್ಯ ಯೋಜನೆಯ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಹಣದ ವಿಷಯದಲ್ಲಿ ಈ ರೋಗಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ರಸ್ತೆ ಅಪಘಾತ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಗಾಯಾಳುವಿಗೆ 1.5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಅಪಘಾತದ ದಿನದಿಂದ 7 ದಿನಗಳವರೆಗೆ ಮಾತ್ರ. ಹುಸಿ ಅನ್ಯೂರಿಸಂ ತಲೆ ಎತ್ತುವುದು ಸಾಮಾನ್ಯವಾಗಿ ಎರಡನೆಯ ವಾರದ ನಂತರ. ಆದ್ದರಿಂದ ಆ ಯೋಜನೆಯನ್ನು ನೆಚ್ಚಿಕೊಳ್ಳದೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವನ್ನು ನೋಡಬೇಕು, ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅದರಲ್ಲಿ ರಕ್ಷಣೆಯಿದೆ, ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಅಪಘಾತ ಪರಿಹಾರದ ದಾವೆಯಲ್ಲೂ ಇದೇ ಅಂತರ ಕಾಡುತ್ತದೆ: ಮೊದಲ ದಿನದ ಗಾಯದ ಪ್ರಮಾಣಪತ್ರದಲ್ಲಿ "ಸಾದಾ ಗಾಯ" ಎಂದಿರುತ್ತದೆ, ತಿಂಗಳ ನಂತರದ ಶಸ್ತ್ರಚಿಕಿತ್ಸೆಗೂ ಆ ಗಾಯಕ್ಕೂ ಸಂಬಂಧವಿಲ್ಲವೆಂದು ಎದುರಿನವರು ವಾದಿಸುತ್ತಾರೆ. ಪೆಟ್ಟಾದ ಜಾಗ, ದಿನಾಂಕ, ಗಂಟು ಕಂಡ ದಿನ ಇವನ್ನು ಡಾಪ್ಲರ್ ವರದಿಯಲ್ಲೂ ಶಸ್ತ್ರಚಿಕಿತ್ಸೆಯ ಟಿಪ್ಪಣಿಯಲ್ಲೂ ಬರೆಸಿಕೊಂಡವರಿಗೆ ಆ ವಾದಕ್ಕೆ ಉತ್ತರ ಕೈಯಲ್ಲಿರುತ್ತದೆ.

ಬೇರೆ ಊರಿಗೆ ಹೋಗುವವರು ಮುದ್ರಿತ ವರದಿಯ ಜೊತೆಗೆ ಚಿತ್ರಗಳ ಸಿ.ಡಿ.ಯನ್ನೂ ಒಯ್ಯಬೇಕು, ಇಲ್ಲದಿದ್ದರೆ ಅಲ್ಲಿ ಸಿ.ಟಿ.ಯನ್ನು ಮತ್ತೊಮ್ಮೆ ಮಾಡುತ್ತಾರೆ, ಮೂತ್ರಪಿಂಡಕ್ಕೆ ಮತ್ತೊಮ್ಮೆ ಔಷಧದ ಹೊರೆ ಬೀಳುತ್ತದೆ. ಕಣತಲೆಯ ಗಂಟು ತೆಗೆಸಿಕೊಂಡವರಿಗೆ ಹೊಲಿಗೆ ಬಿಚ್ಚಿದ ಮೇಲೆ ಒಂದು ಡಾಪ್ಲರ್ ಸಾಕು. ಸ್ಟೆಂಟ್ ಹಾಕಿಸಿಕೊಂಡವರ ಮಾತು ಬೇರೆ: ಹಲ್ಲು ಕೀಳಿಸುವುದಿದ್ದರೂ, ಇನ್ನಾವುದೋ ಕಾರಣಕ್ಕೆ ಊರಿನ ವೈದ್ಯರು ಹೇಳಿದರೂ, ಸ್ಟೆಂಟ್ ಹಾಕಿದವರನ್ನು ಕೇಳದೆ ಆ ಎರಡು ಗುಳಿಗೆಗಳಲ್ಲಿ ಒಂದನ್ನೂ ನಿಲ್ಲಿಸಬಾರದು.